ಒಂದು ಗಂಟೆ ಮುಂದಿರುವ ಊರು

ರೀಡ್ಸ್ ಕೋವ್, ಅಲಬಾಮಾ
ಸೆಪ್ಟೆಂಬರ್ 13, ಶನಿವಾರ ಬೆಳಗ್ಗೆ

ಪ್ರೀತಿಯ ಕೊರೀನ್‌ಗೆ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ನಿಂತು ನಿಂತು ಪಾದ ಊದುತ್ತದೆಂದು ಹಿಂದಿನ ಕಾಗದದಲ್ಲಿ ನೀನು ಬರೆದಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರು. ನರ್ಸಿಗೆ ಮಾವ ಮದ್ದು ಹೇಳಿಕೊಡುತ್ತಿದ್ದಾನೆಂದು ನಗಬೇಡ. ನಮ್ಮ ಹೇಸರಗತ್ತೆಗಳಿಗೆ ಇದರಿಂದಲೇ ವಾಸಿಯಾಗುತ್ತಿತ್ತು, ಅವುಗಳಿಗೆ ನಿನಗಿಂತ ಎರಡು ಕಾಲು ಹೆಚ್ಚು. ಆ ವಾಷಿಂಗ್ಟನ್ ರಾಜ್ಯದ ಜಿಟಿಜಿಟಿ ಮಳೆಯಲ್ಲಿ ಗಂಟಲು ಕಟ್ಟದಂತೆ ನೋಡಿಕೋ. ನನ್ನ ಆರೋಗ್ಯದ ಮಾತು ಕೇಳುವುದೇ ಬೇಡ. ಅರವತ್ತೊಂಬತ್ತಕ್ಕೆ ಇಂಥ ಎದೆಬಡಿತ ಎಲ್ಲೂ ನೋಡಿಲ್ಲ ಎಂದು ಡಾಕ್ಟರು ಹೇಳಿದರು. ಒಳ್ಳೆಯ ಅರ್ಥದಲ್ಲೇ ಹೇಳಿದ್ದಾರೆಂದು ತಿಳಿದುಕೊಂಡು ಎದ್ದು ಬಂದೆ. ನಿನ್ನ ಅಮ್ಮನ ಸೊಂಟ ಮೆಟ್ಟಿಲು ಕಂಡರೆ ನೋಯುತ್ತದೆ, ನನ್ನನ್ನು ಬೈಯುವಾಗ ನೋಯುವುದಿಲ್ಲ. ರಸ್ತೆ ದಾಟಿ ಅವಳ ಮನೆಗೆ ರಾತ್ರಿ ಊಟಕ್ಕೆ ಹೋಗುವುದು ನಿನ್ನ ಅತ್ತೆ ತೀರಿಕೊಂಡ ಮೇಲೆ ರೂಢಿಯಾಗಿದೆಯಲ್ಲ, ಅದು ಹಾಗೇ ನಡೆದಿದೆ. ಮೆಕ್ಕೆಜೋಳದ ರೊಟ್ಟಿಗೆ ಸಕ್ಕರೆ ಹಾಕುವವರು ನರಕಕ್ಕೆ ಹೋಗುತ್ತಾರೆಂಬ ಅವಳ ಅಭಿಪ್ರಾಯವೂ ಹಾಗೇ ಇದೆ.

ಇನ್ನು ನೀನು ವಹಿಸಿದ ಕೆಲಸ. ನವೆಂಬರಿನಲ್ಲಿ ಸೈನ್ಯದ ಸಮವಸ್ತ್ರ ಬಿಚ್ಚಿಡುತ್ತೀಯ. ಹಂಟ್ಸ್‌ವಿಲ್ಲಿನ ಒಂದು ಆಸ್ಪತ್ರೆ, ಚಟನೂಗಾದ ಒಂದು ಆಸ್ಪತ್ರೆ, ಎರಡೂ ಬಾ ಎಂದಿವೆ, ಎರಡಕ್ಕೂ ಈ ತಿಂಗಳ ಕೊನೆಯೊಳಗೆ ಉತ್ತರ ಬೇಕು. ಹನ್ನೆರಡು ವರ್ಷ ಊರೂರು ತಿರುಗಿ ಸಾಕಾಗಿದೆ, ಈ ಸಲ ಪೆಟ್ಟಿಗೆ ಬಿಚ್ಚಿದರೆ ಮತ್ತೆ ಕಟ್ಟಲಾರೆ, ಅಮ್ಮನನ್ನೂ ಜೊತೆಗಿಟ್ಟುಕೊಳ್ಳುತ್ತೇನೆ ಎಂದು ನೀನು ಬರೆದಿದ್ದೆ. ಆದ್ದರಿಂದ ಎರಡೂ ಊರು ನೋಡಿ, ಅಮ್ಮನ ಸೊಂಟಕ್ಕೆ ಆಗುವಂಥ ಮನೆ ನೋಡಿ, ನಿಜ ಬರೆಯಬೇಕು. “ಫೋನಲ್ಲಿ ಹೇಳ್ಬೇಡ ಮಾವ, ಫೋನಲ್ಲಿ ನೀನು ಎಲ್ಲಿಂದ ಎಲ್ಲಿಗೋ ಹೋಗ್ತೀಯ. ಬರೆದು ಕಳಿಸು, ಬರೆದ್ರೆ ಸಿಕ್ಕಿಬೀಳ್ತೀಯ” ಎಂದು ನೀನು ಹೇಳಿದ್ದು ನೆನಪಿದೆ. ನಮ್ಮೂರ ಎರಡು ಕೋಣೆಯ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದವನ ಕೈಬರಹ ಇದು. ಕಾಲೇಜಿನವರು ಬರೆದದ್ದಕ್ಕಿಂತ ಸ್ಪಷ್ಟವಾಗಿದೆ, ನೋಡಿಕೋ. ಎರಡೂರಿನ ನಡುವೆ ಹುಟ್ಟಿ, ಎರಡರಲ್ಲೂ ಮೀನು ಮಾರಿ, ಎರಡರಲ್ಲೂ ಪೊಲೀಸರ ಕೈಲಿ ದಂಡ ಹಾಕಿಸಿಕೊಂಡವನು ನಾನು. ನನಗಿಂತ ನಿಷ್ಪಕ್ಷಪಾತಿ ನಿನಗೆ ಸಿಗಲಾರ.

ಮೊದಲು ಹಂಟ್ಸ್‌ವಿಲ್. ನಿನ್ನ ಅಮ್ಮನೂ ಬಂದಿದ್ದಳು. ಊರು ಬೆಳೆಯುತ್ತಿದೆ ಎಂದು ಯಾರೂ ಹೇಳಬೇಕಿಲ್ಲ, ಕಣ್ಣೆದುರೇ ಬೆಳೆಯುತ್ತದೆ. ನಾನು ಹತ್ತಿ ಬಿಡಿಸಿದ್ದ ಹೊಲಗಳ ಮೇಲೆ ಈಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು. ಹಿಂದಿನ ತಿಂಗಳು ತಿರುಗಿದ ತಿರುವು ಈ ತಿಂಗಳು ಇರಲಿಲ್ಲ, ಅಲ್ಲೊಂದು ಸೇತುವೆ ಎದ್ದಿತ್ತು. ಚಂದ್ರನಿಗೆ ಹೋದ ರಾಕೆಟ್ಟು ಕಟ್ಟಿದ ಊರು ಇದೆಂದು ದಾರಿಬದಿಯಲ್ಲಿ ನಿಲ್ಲಿಸಿದ ಆ ದೊಡ್ಡ ರಾಕೆಟ್ಟು ಮಾತ್ರ ಇದ್ದಲ್ಲೇ ಇದೆ. ಅದನ್ನು ನೋಡುತ್ತ ನಿಂತಿದ್ದ ಒಬ್ಬ ಎಂಜಿನಿಯರ್ ಹುಡುಗನಿಗೆ, ಇದಕ್ಕೆ ಕಾಂಕ್ರೀಟ್ ಹಾಕಿದವನು ನಾನೇ ಎಂದೆ. ಅವನು ನನ್ನ ಜೊತೆ ಫೋಟೊ ತೆಗೆಸಿಕೊಂಡ. ಪೂರ್ತಿ ಸುಳ್ಳಲ್ಲ, ಅದರ ಮುಂದಿನ ರಸ್ತೆಯ ಚರಂಡಿಗೆ ಹಾಕಿದ್ದೆ. ಊಟದ ಅಂಗಡಿಯಲ್ಲಿ ಮೂರು ಮೇಜಿಗೊಂದು ಭಾಷೆ ಕೇಳುತ್ತದೆ, ಎಲ್ಲರೂ ಮೂವತ್ತರ ಒಳಗಿನವರು, ಎಲ್ಲರ ಕುತ್ತಿಗೆಗೂ ಗುರುತಿನ ಚೀಟಿ. ಹೊಗೆಯಲ್ಲಿ ಬೇಯಿಸಿದ ಕೋಳಿಯನ್ನು ಬಿಳಿ ಸಾಸಿನಲ್ಲಿ ಅದ್ದಿ ಕೊಡುವುದು ಮಾತ್ರ ಇನ್ನೂ ನಿಂತಿಲ್ಲ. ಅದು ನಿಂತ ದಿನ ಆ ಊರಿನ ಬೆಳವಣಿಗೆಯ ಮಾತು ನನ್ನ ಮುಂದೆ ಯಾರೂ ಎತ್ತಬಾರದು.

ಮನೆ ತೋರಿಸಿದವನು ಕೈಯಲ್ಲಿ ಹಲಗೆಯಂಥ ಫೋನು ಹಿಡಿದ ಹುಡುಗ. ಅಕ್ಕ ಯಾರನ್ನಾದರೂ ಕಂಡಾಗ ಕೇಳುವುದನ್ನೇ ಅವನನ್ನೂ ಕೇಳಿದಳು: “ನೀನು ಯಾರ ಪೈಕಿ ಅಪ್ಪಾ?” ಅವನು ತಬ್ಬಿಬ್ಬಾಗಿ, “ನಾನು ಒಹಾಯೊ ಕಡೆಯವನು ಅಮ್ಮ” ಎಂದ. “ಅಯ್ಯೋ ಪಾಪ” ಎಂದಳು, ಅವನ ಮನೆಯಲ್ಲಿ ಯಾರೋ ಸತ್ತ ಹಾಗೆ. ಆದರೂ ಮನೆ ಅವಳಿಗೆ ಹಿಡಿಸಿತು, ನಾನೇಕೆ ಮುಚ್ಚಿಡಲಿ. ಲಿಫ್ಟ್ ಇದೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆ, ನಿನ್ನ ಆಸ್ಪತ್ರೆಗೆ ಕಾರಿನಲ್ಲಿ ಹತ್ತು ನಿಮಿಷ. ಬಾಗಿಲಿಗೆ ಬೀಗದ ಕೈ ಇಲ್ಲ, ಅಂಕಿ ಒತ್ತಬೇಕು. ನಾವಿದ್ದಷ್ಟು ಹೊತ್ತು ಆ ಉದ್ದನೆಯ ಪಡಸಾಲೆಯಲ್ಲಿ ಒಂದೇ ಒಂದು ಬಾಗಿಲು ತೆರೆದದ್ದು ಕಾಣಲಿಲ್ಲ. ತರಿಸಿಕೊಂಡ ಊಟದ ಚೀಲಗಳು ಹೊಸ್ತಿಲ ಹೊರಗೆ ಕಾಯುತ್ತಿದ್ದವು. ಅಕ್ಕ ಅದನ್ನು ನೋಡಿ, “ಸದ್ದುಗದ್ದಲ ಇಲ್ಲ, ಒಳ್ಳೇದು” ಎಂದಳು. ಆಮೇಲೆ ಮನೆ ಸೇರುವ ತನಕ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಅದರ ಅರ್ಥ ನೀನೇ ಮಾಡಿಕೋ, ನಾನು ನಿಷ್ಪಕ್ಷಪಾತಿ.

ಚಟನೂಗಾಕ್ಕೆ ನಾನೊಬ್ಬನೇ ಹೋದೆ. ಅಕ್ಕ ಬರಲಿಲ್ಲ. ಆ ಊರಿರುವ ಟೆನೆಸ್ಸಿ ರಾಜ್ಯದ ಮೇಲೆ ಅವಳಿಗಿರುವ ಸಿಟ್ಟು ಎಲ್ಲ ನಮ್ಮ ಅಲಬಾಮಾದ ಜೊತೆಗಿನ ಫುಟ್‌ಬಾಲ್ ಹಗೆಯದಲ್ಲ, ಹೊತ್ತಿನದೂ ಹೌದು. ಸೈನ್ಯದ ಗಡಿಯಾರದಲ್ಲಿ ಬದುಕಿ ನೀನು ಮರೆತಿರುತ್ತೀಯ: ಹಂಟ್ಸ್‌ವಿಲ್ಲಿನದೂ ನಮ್ಮದೂ ಒಂದೇ ಹೊತ್ತು, ನಾವು ನಿಧಾನದ ಹೊತ್ತು ಅನ್ನುತ್ತೇವೆ. ಚಟನೂಗಾದವರದು ಬೇಗದ ಹೊತ್ತು, ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದೆ. “ನಂಗೆ ಇರೋದೇ ಇನ್ನು ಸ್ವಲ್ಪ ಕಾಲ, ಅದರಲ್ಲಿ ಒಂದ್ಗಂಟೆ ಗಡಿಯಲ್ಲೇ ಕಿತ್ಕೊಂಡ್ರೆ ಯಾರನ್ನ ಹೋಗಿ ಕೇಳ್ಲಿ? ನೀನು ಬೇಕಾದ್ರೆ ಹೋಗಿ ನಿನ್ನದು ಕೊಟ್ಟು ಬಾ, ನಿಂಗೇನು, ಇದ್ದ ಹೊತ್ತನ್ನೆಲ್ಲ ಹಾಳೇ ಮಾಡಿದೀಯ” ಎಂದಳು.

ಊರು ಹೇಗಿದೆ ಎಂದರೆ, ನಮ್ಮಪ್ಪ ಅಲ್ಲಿನ ಎರಕದ ಕಾರ್ಖಾನೆಯಿಂದ ಬಂದಾಗ ಅಂಗಿಯ ಕತ್ತುಪಟ್ಟಿ ಒಲೆಯ ತಳದಂತಿರುತ್ತಿತ್ತು. ಈಗ ಅದೇ ಊರು ಮುಖ ತೊಳೆದು ಹೊಳೆಯ ದಡಕ್ಕೆ ಬಂದು ಕೂತಿದೆ. ಹಳೆಯ ಸೇತುವೆಯ ಮೇಲೆ ಗಾಡಿ ಬಿಡುವುದಿಲ್ಲ, ಜನ ಸುಮ್ಮನೆ ನಡೆಯುತ್ತಾರೆ, ಎಲ್ಲಿಗೆ ಎಂದು ಕೇಳಿದರೆ ಆಚೆ ದಡಕ್ಕೆ ಎನ್ನುತ್ತಾರೆ, ಯಾಕೆ ಎಂದರೆ ಈಚೆಗೆ ಬರಲು ಎನ್ನುತ್ತಾರೆ. ಹಂಟ್ಸ್‌ವಿಲ್ಲಿನಷ್ಟು ಬಿರುಸಾಗಿ ಬೆಳೆಯುತ್ತಿಲ್ಲ, ಸುತ್ತ ಬೆಟ್ಟಗಳು ಭುಜ ಕೊಟ್ಟು ನಿಂತಿವೆ, ಬೆಳೆಯಬೇಕೆಂದರೂ ಅವನ್ನು ಕೇಳಿ ಬೆಳೆಯಬೇಕು. ಹೊಳೆ ಮೊದಲು ಆ ಊರನ್ನು ನೋಡಿ, ಆಮೇಲೆ ನಮ್ಮನ್ನು ಹಾದು, ಹಂಟ್ಸ್‌ವಿಲ್ ಕಡೆಗೆ ಹೋಗುತ್ತದೆ. ಅಂದರೆ ಇವರು ಕಾಲು ತೊಳೆದ ನೀರು ಅವರಿಗೆ. ಇದನ್ನು ಹಂಟ್ಸ್‌ವಿಲ್ಲಿನಲ್ಲಿ ಹೇಳಬೇಡ.

ಮನೆ ಮಿಸೆಸ್ ಪ್ರೂಯಿಟ್ ಎಂಬವರದು. ಗಂಡ ರೈಲ್ವೆಯಲ್ಲಿದ್ದವರು, ತೀರಿಕೊಂಡಿದ್ದಾರೆ. ದೊಡ್ಡ ಮರದ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿ, ಒಂದರಲ್ಲಿ ತಾವಿದ್ದು ಇನ್ನೊಂದನ್ನು ಬಾಡಿಗೆಗೆ ಇಟ್ಟಿದ್ದಾರೆ. ನಮ್ಮ ಕಡೆ ಮದುವೆಗೆ ಕರೆದರೂ ಮಣ್ಣಿಗೆ ಕರೆದರೂ ಮೊದಲು ಕೇಳುವುದು “ಬೇಗದ್ದೋ ನಿಧಾನದ್ದೋ” ಎಂದು. ಅವರು ಫೋನಿನಲ್ಲಿ “ಹತ್ತಕ್ಕೆ ಬನ್ನಿ” ಎಂದಾಗ ನಾನು ಕೇಳಲಿಲ್ಲ. ಹೆಂಗಸರ ಮನೆಗೆ ಅವರ ಹೊತ್ತಿಗೆ ಹೋಗುವುದೇ ಮರ್ಯಾದೆ ಎಂದುಕೊಂಡು ಅವರ ಹತ್ತಕ್ಕೆ, ಅಂದರೆ ನಮ್ಮ ಒಂಬತ್ತಕ್ಕೆ, ಬೇಲಿಯ ಮುಂದೆ ನಿಂತೆ. ಅವರೋ, ಅಲಬಾಮಾದಿಂದ ಬರುವವನಿಗೆ ಅವನ ಹೊತ್ತಿನಲ್ಲೇ ಹೇಳುವುದು ಮರ್ಯಾದೆ ಎಂದು ನಮ್ಮ ಹತ್ತನ್ನು ಹೇಳಿದ್ದರು. ಹೀಗೆ ಇಬ್ಬರ ಮರ್ಯಾದೆಯೂ ಸೇರಿ, ಅವರು ತಲೆತುಂಬ ಕೂದಲು ಗುಂಗುರಾಗಿಸುವ ಸುರುಳಿ ಸುತ್ತಿಕೊಂಡು, ಗಂಡನ ಹಳೆಯ ಬೂಟು ಹಾಕಿಕೊಂಡು, ಬೆಂಡೆಗಿಡಕ್ಕೆ ನೀರು ಬಿಡುತ್ತಿದ್ದಾಗ ನನ್ನ ಕೈಗೆ ಸಿಕ್ಕಿಬಿದ್ದರು. “ಮನೆ ನೋಡೋಕೆ ಬಂದವರೋ, ಕದಿಯೋಕೆ ಬಂದವರೋ?” ಎಂದು ಕೇಳಿದರು. “ಕದಿಯೋಕೆ ಬಂದಿದ್ರೆ ನಿಮ್ಮ ತಲೆ ನೋಡಿ ಇಷ್ಟೊತ್ತಿಗೆ ಗಡಿ ದಾಟಿರ್ತಿದ್ದೆ” ಎಂದೆ. ನೀರಿನ ಕೊಳವೆಯನ್ನು ನನ್ನ ಬೂಟಿನ ಕಡೆಗೆ ತಿರುಗಿಸಿದರು. ಬಿಸಿಲಿಗೆ ಹಿತವಾಗೇ ಇತ್ತು.

ಎರಡನೆಯ ಸಲ ಹೋದದ್ದು ಬಾಗಿಲಿನ ಅಗಲ ಅಳೆಯಲು, ಅಮ್ಮನ ಮಂಚ ಹಿಡಿಸಬೇಕಲ್ಲ. ಮತ್ತೆ ಹತ್ತು ಗಂಟೆ ಎಂದಾಯಿತು. ಅವರು ನಮ್ಮ ಹೊತ್ತಿನಲ್ಲಿ ಹೇಳುವವರು ಎಂದು ಪಾಠ ಕಲಿತ ನಾನು ನಮ್ಮ ಹತ್ತಕ್ಕೆ ಹೋದೆ. ಈ ಮನುಷ್ಯ ನಮ್ಮ ಹೊತ್ತಿಗೆ ಬರುವವನು ಎಂದು ಪಾಠ ಕಲಿತ ಅವರು ತಮ್ಮ ಹತ್ತಕ್ಕೆ ಪೀಚ್ ಹಣ್ಣಿನ ಕಾಬ್ಲರೆಂಬ ಸಿಹಿತಿನಿಸನ್ನು ಒಲೆಯಿಂದ ಇಳಿಸಿ, ಕೂದಲು ಬಾಚಿ, ಜಗಲಿಯಲ್ಲಿ ಒಂದು ಗಂಟೆ ಕಾದಿದ್ದರು. “ತಣ್ಣಗಾಗಿದೆ. ಅದರ ತಪ್ಪಲ್ಲ, ತಿನ್ನಿ” ಎಂದರು. ಎರಡು ಬಟ್ಟಲು ತಿಂದೆ. ತಿನ್ನುತ್ತಿರುವಾಗ ಯಾರ ಪೈಕಿ ಎಂದು ವಿಚಾರಿಸಿದ್ದಕ್ಕೆ, ಅವರ ಗಂಡನ ಚಿಕ್ಕಮ್ಮನನ್ನು ಸ್ಟೀವನ್‌ಸನ್ ಊರಿನ ನಮ್ಮವರ ಮನೆಗೇ ಕೊಟ್ಟಿತ್ತೆಂದು ಗೊತ್ತಾಯಿತು. ರಕ್ತಸಂಬಂಧವೇನೂ ಇಲ್ಲ, ಅದನ್ನೂ ಖಚಿತ ಮಾಡಿಕೊಂಡೆ. ಮೂರನೆಯ ಸಲ ಹೋದದ್ದು ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆಯೇ ಎಂದು ನೋಡಲು. ನಾಲ್ಕನೆಯ ಸಲ ಕಿಟಕಿಗಳ ವಿಷಯವಾಗಿ. ಮನೆ ನೋಡುವುದೆಂದರೆ ಹಾಗೇ, ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಹಂಟ್ಸ್‌ವಿಲ್ಲಿನದನ್ನು ಒಂದೇ ಸಲ ನೋಡಿದ್ದು ಅಲ್ಲಿ ಎಲ್ಲ ಸರಿಯಾಗಿದ್ದುದರಿಂದ.

ತೂಗಿ ಹೇಳು ಎಂದರೆ, ಸಂಬಳ ಹಂಟ್ಸ್‌ವಿಲ್ಲಿನಲ್ಲಿ ಹೆಚ್ಚೆಂದು ನೀನೇ ಬರೆದಿದ್ದೆ. ನಿನ್ನ ವಯಸ್ಸಿನವರೂ ಅಲ್ಲೇ ಹೆಚ್ಚು, ಗಂಡು ಹುಡುಗರಂತೂ ರಾಕೆಟ್ಟಿನ ಲೆಕ್ಕ ಬಲ್ಲವರು, ಹೆಂಗಸಿನ ಜೊತೆ ಎರಡು ಮಾತಾಡಲು ಮಾತ್ರ ಯಾರಾದರೂ ಕಲಿಸಬೇಕು. ಹೊಸಬರೇ ತುಂಬಿರುವ ಊರಲ್ಲಿ ನೀನು ಹೊಸಬಳೆಂದು ಯಾರೂ ಕೇಳುವುದಿಲ್ಲ, ಹನ್ನೆರಡು ವರ್ಷ ಎಲ್ಲ ಕಡೆಯೂ ಹೊಸಬಳಾಗಿದ್ದವಳಿಗೆ ಅದೊಂದು ನೆಮ್ಮದಿಯೇ. ಚಟನೂಗಾದಲ್ಲಿ ಎರಡು ದಿನದೊಳಗೆ ನಿನ್ನ ಅಜ್ಜನ ಹೆಸರು ಹಿಡಿದು ಮಾತಾಡಿಸುತ್ತಾರೆ, ನಿನ್ನ ಕೆಲಸ ಯಾವುದು, ಮದುವೆ ಯಾಕೆ ಆಗಿಲ್ಲ ಎಂದು ಬೇಲಿಯಾಚೆಯಿಂದ ಕೇಳುತ್ತಾರೆ. ಆ ಮನೆಗೆ ಮೆಟ್ಟಿಲಿಲ್ಲ. ಜಗಲಿ ಎರಡೂ ಭಾಗಕ್ಕೆ ಒಂದೇ. ಅಕ್ಕನಿಗೆ ಬೈಯಲು ಯಾರಾದರೂ ಕಣ್ಣೆದುರು ಬೇಕು. ಲಿಫ್ಟನ್ನು ಎಷ್ಟು ದಿನ ಬೈದಾಳು? ಇಷ್ಟು ನಾನು ಕಂಡದ್ದು. ಆರಿಸುವವಳು ನೀನು. ಅಲ್ಲಿ ಪೆಟ್ಟಿಗೆ ಬಿಚ್ಚುವವಳೂ ನೀನೇ, ನಾನು ಬರೀ ಬರೆದು ಕಳಿಸುವವನು.

ಹೊಟ್ಟೆತುಂಬ ಉಣ್ಣು, ಸಿಕ್ಕಾಗ ಮಲಗು, ದೇವರು ನಿನ್ನ ಪಾದದ ಮೇಲೂ ಸ್ವಲ್ಪ ಕಣ್ಣಿಟ್ಟಿರಲಿ. ಚರ್ಚಿನವರೆಲ್ಲ ನಿನ್ನನ್ನು ಕೇಳಿದರು, ನೀನು ಈಗ ಹೆಚ್ಚುಕಡಿಮೆ ಸೇನಾಪತಿ ಎಂದು ಹೇಳಿದ್ದೇನೆ, ಬಂದಾಗ ಹಾಗೇ ನಡೆದುಕೋ.

ನಿನ್ನ ಮಾವ,
ಹಾಯ್ಟ್ ಗಿಲ್‌ಬ್ರೆತ್

ತಾ.ಕ.: ಅಂಚೆಯವನ ಜೀಪು ತಿರುವಿನಲ್ಲಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ಅಕ್ಟೋಬರ್ ಎರಡನೆಯ ಶನಿವಾರ ನಾನೂ ಇಮೊಜೀನ್ ಪ್ರೂಯಿಟ್ಟೂ ಮದುವೆಯಾಗುತ್ತಿದ್ದೇವೆ. ಮದುವೆಯ ಮೇಲೆ ನಾನು ಅವಳ ಕಡೆಯ ಅರ್ಧ ಮನೆಯಲ್ಲಿರುತ್ತೇನೆ. ಇನ್ನರ್ಧವನ್ನು ಈ ತಿಂಗಳ ಕೊನೆಯ ತನಕ ಯಾರಿಗೂ ಕೊಡುವುದಿಲ್ಲ ಎಂದಿದ್ದಾಳೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಮೊದಲ ಸಲ ಬಿಟ್ಟು ಉಳಿದ ಸಲವೆಲ್ಲ ಮೀನಿನ ಗಾಳ ಕೊಳ್ಳಲು ಹೋಗುತ್ತಿದ್ದೇನೆಂದು ಹೇಳಿದ್ದೆ, ಈಗ ಮನೆತುಂಬ ಗಾಳವಿದೆ. ನಾಳೆಯಲ್ಲ, ಮುಂದಿನ ಭಾನುವಾರ ಇಮೊಜೀನಳ ಚರ್ಚಿನಲ್ಲಿ ಪಾದ್ರಿ ಎಲ್ಲರೆದುರು ಹೇಳುತ್ತಾರೆ. ಅಲ್ಲಿ ಪಿಯಾನೊ ನುಡಿಸುವವಳು ನಿನ್ನ ಅಮ್ಮನ ಜೊತೆ ಓದಿದವಳು, ಮಧ್ಯಾಹ್ನದೊಳಗೆ ಸುದ್ದಿ ಇಲ್ಲಿರುತ್ತದೆ. ಅದಕ್ಕೆ ಮೊದಲು ನೀನೇ ಫೋನ್ ಮಾಡಿ ಅಮ್ಮನಿಗೆ ಹೇಳಬೇಕು. ಕೆಟ್ಟ ಸುದ್ದಿಯನ್ನು ಮನೆಯವರಿಗೆ ಹೇಗೆ ತಿಳಿಸಬೇಕೆಂದು ನಿಮಗೆಲ್ಲ ಕಲಿಸಿರುತ್ತಾರೆ. ಹಂಟ್ಸ್‌ವಿಲ್ಲನ್ನೇ ಆರಿಸಿದರೆ ಆರಿಸು, ಬೇಸರವಿಲ್ಲ, ಅಲ್ಲಿಗೂ ರಸ್ತೆ ಇದೆ. ಚಟನೂಗಾ ಆದರೆ ಅಕ್ಕನಿಗೂ ನನಗೂ ನಡುವೆ ಒಂದು ಗೋಡೆ ಮಾತ್ರ, ಬೈದದ್ದು ಕೇಳಿಸುತ್ತದೆ. ಎರಡೂರನ್ನು ತೂಗುವಾಗ ಇದನ್ನು ತಕ್ಕಡಿಗೆ ಹಾಕಬೇಡ. ಹಾಕಿದರೂ, ನಾನು ಬರೆದಿದ್ದೆನೆಂದು ಅಕ್ಕನಿಗೆ ಹೇಳಬೇಡ.