ಅಪ್ಪಣೆ ಕೇಳಿದ ತಾಯಿಯ ಅಪರಾಧ

ಮಾನ್ಯ ಶಿಶುಕ್ಷೇಮ ಅಧಿಕಾರಿಗಳೇ,

ನನ್ನ ಮಗಳನ್ನು ನಾನು ಒಬ್ಬಳೇ ಇರುವಾಗ ಎತ್ತಿಕೊಳ್ಳಬಾರದೆಂದು ತಾವು ಹೊರಡಿಸಿದ ಆದೇಶ ತಲುಪಿತು. "ಮಗು ತನ್ನದೆಂಬ ಭಾವನೆ ತಾಯಿಗೆ ಇಲ್ಲ" ಎಂದು ಅದರಲ್ಲಿ ಬರೆದಿದೆ. ತೊಂಬತ್ತು ದಿನ, ಅತ್ತೆಯ ಕಣ್ಣೆದುರಿಗೆ ಮಾತ್ರ, ನಾನು ಒಡೆಟ್‌ಳನ್ನು ಮುಟ್ಟಬಹುದಂತೆ. ಆದೇಶದಲ್ಲಿ ಒಂದಕ್ಷರವೂ ತಪ್ಪಿಲ್ಲ, ಮೊಹರು ಕೂಡ ನೆಟ್ಟಗೆ ಬಿದ್ದಿದೆ. ಅಭಿನಂದನೆಗಳು.

ಒಡೆಟ್ ಹನ್ನೆರಡು ವಾರ ಮೊದಲೇ ಹುಟ್ಟಿದವಳು. ನಮ್ಮೂರಿಂದ ನಾಲ್ಕು ಗಂಟೆ ದಾರಿಯ ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಎಪ್ಪತ್ತೊಂದು ದಿನ ಇದ್ದಳು. ಅಲ್ಲಿನ ಕಟ್ಟಳೆ ತಮಗೆ ಗೊತ್ತಿರಲಾರದು. ಗೊತ್ತಿದ್ದರೆ ಈ ಕಾಗದ ಬೇಕಾಗುತ್ತಿರಲಿಲ್ಲ. ಗಡಿಯಾರ ನೋಡಿಕೊಂಡು ಮೂರು ನಿಮಿಷ ಮೊಣಕೈವರೆಗೆ ಕೈ ತೊಳೆಯಬೇಕು. ಆಮೇಲೆ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಯಾರನ್ನಾದರೂ ಕೇಳಬೇಕು.

"ಎತ್ಕೊಳ್ಳಲಾ ಸಿಸ್ಟರ್?"

"ಈಗ್ ಬೇಡಮ್ಮ, ಈಗ್ತಾನೆ ಉಸಿರಾಟ ಒಂದ್ ಹದಕ್ಕೆ ಬಂದಿದೆ. ನಾಳೆ ನೋಡೋಣ."

ನನ್ನ ಹೊಟ್ಟೆಯಲ್ಲೇ ಇದ್ದವಳನ್ನು ಎತ್ತಿಕೊಳ್ಳಲು ನನಗೆ ಹತ್ತೊಂಬತ್ತನೆಯ ದಿನ ಒಪ್ಪಿಗೆ ಸಿಕ್ಕಿತು. ಕೇಳದೆ ಪೆಟ್ಟಿಗೆಗೆ ಕೈಹಾಕಿದ ಇನ್ನೊಬ್ಬ ತಾಯಿಯನ್ನು ಎಲ್ಲರೆದುರು ಗದರಿದ್ದನ್ನು ಕಂಡಿದ್ದೆ. ನನ್ನ ಬಗ್ಗೆ ಮಾತ್ರ ಆಸ್ಪತ್ರೆಯ ಹಾಳೆಯಲ್ಲಿ "ಹೇಳಿದ ಮಾತು ಕೇಳುವ ಒಳ್ಳೆಯ ತಾಯಿ" ಎಂದು ಬರೆದರು. ಆ ಹಾಳೆಯೂ ತಮ್ಮ ಕಡತದಲ್ಲೇ ಇದೆ, ಆದೇಶದ ಕೆಳಗೇ. ಪುಟ ತಿರುವಲು ತಮಗೆ ಪುರಸೊತ್ತಾಗಿಲ್ಲ, ಅಷ್ಟೆ.

ಮನೆಗೆ ಬಂದಾಗ ಎಲ್ಲರೂ ಸಂತೋಷಪಡು ಎಂದರು. ನನಗೆ ಭಯವಾಯಿತು. ಇಲ್ಲಿ ಯಂತ್ರವಿಲ್ಲ, ಉಸಿರು ನಿಂತರೆ ಕೂಗಿ ಹೇಳುವವರು ಯಾರು? ತೊಟ್ಟಿಲ ಬಳಿ ನಿಂತು ಗಂಡ ಆರ್ಮಾನ್‌ನನ್ನು ಕೇಳುತ್ತಿದ್ದೆ, ಅತ್ತೆ ಓರೋರ್ ಅವರನ್ನು ಕೇಳುತ್ತಿದ್ದೆ, ಎತ್ತಿಕೊಳ್ಳಲಾ ಎಂದು. ಒಲೆಯ ಮುಂದೆ ನಮ್ಮ ಕಡೆಯ ಪ್ಲೋಯ್ ದೋಸೆ ಹುಯ್ಯುತ್ತಿದ್ದ ಅತ್ತೆ ಸೌಟು ಎತ್ತಿ ಬೈದರು: "ನಿಂದೇ ಕಣೇ ಮಗು! ಚರ್ಚಿಂದ ಕದ್ಕೊಂಡ್ ಬಂದೋಳ್ ಥರ ಆಡ್ಬೇಡ!" ನಾನು ನಕ್ಕೆ, ಎಷ್ಟೋ ವಾರಗಳ ಮೇಲೆ. ಹದಿನೈದು ದಿನ ಬೈಸಿಕೊಂಡಿದ್ದಕ್ಕೆ ಕೇಳುವುದು ದಿನಕ್ಕೆರಡು ಸಲಕ್ಕೆ ಇಳಿದಿತ್ತು. ನಾನು ವಾಸಿಯಾಗುತ್ತಿದ್ದೆ ಮಾನ್ಯರೇ.

ಆಗ ತಮ್ಮ ಪರಿವೀಕ್ಷಕಿ ಬಂದರು. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬೂಟಿನ ಹಿಮ ಕೊಡವಿ, ಎರಡು ಪ್ಲೋಯ್‌ಗೆ ಬೆಣ್ಣೆ ಸವರಿಸಿಕೊಂಡು ತಿಂದು, ಮಗುವಿನ ಕೆನ್ನೆಯನ್ನು ಹೊಗಳಿದರು. ಅತ್ತೆ ಸೌದೆ ತರಲು ಹೊರಗೆ ಹೋದಾಗ ಒಡೆಟ್ ಅಳತೊಡಗಿದಳು. ಪರಿವೀಕ್ಷಕಿಯ ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಅದನ್ನು ಕಂಡದ್ದೇ ನನ್ನ ಕಾಲು ತಾನಾಗಿ ನಲ್ಲಿಯ ಕಡೆ ನಡೆಯಿತು. ಮೂರು ನಿಮಿಷ ಕೈ ತೊಳೆದೆ. ಮೂರು ನಿಮಿಷವೂ ಮಗಳು ಅತ್ತಳು. ಬಂದು ಆ ಚೀಟಿಯನ್ನೇ ನೋಡುತ್ತ ಕೇಳಿದೆ: "ಎತ್ಕೋಬಹುದಾ ಮೇಡಂ?"

"ಯಾಕಮ್ಮ, ಇದು ನಿನ್ ಮಗು ಅಲ್ವಾ?" ಎಂದರು. ನಗುನಗುತ್ತಲೇ ಬರೆದುಕೊಂಡರು.

ಆದೇಶ ಬಂದ ದಿನವೇ ಆರ್ಮಾನ್ ಅದಕ್ಕೆ ಸಹಿ ಹಾಕಿದ. ನಾನು ಕೂಗಾಡಿದಾಗ, "ಸುಮ್ನಿರೇ, ಎದುರಾಡಿದ್ರೆ ಮಗೂನೇ ಎತ್ಕೊಂಡ್ ಹೋಗ್ತಾರೆ" ಎಂದ. ಅವರು ಎತ್ತಿಕೊಂಡು ಹೋಗಬಹುದು, ನಾನು ಎತ್ತಿಕೊಳ್ಳುವಂತಿಲ್ಲ!

ಎಪ್ಪತ್ತೊಂದು ದಿನ ವಿಧೇಯತೆ ಕಲಿಸಿ, ಅದೇ ವಿಧೇಯತೆಗೆ ಶಿಕ್ಷೆ ಕೊಡುವ ಜಾಣತನವನ್ನು ತಾವು ಯಾವ ತರಬೇತಿಯಲ್ಲಿ ಕಲಿತಿರಿ? ಅಪ್ಪಣೆ ಕೇಳುವ ಚಾಳಿ ಬಿಡುತ್ತಿದ್ದವಳಿಗೆ ಅದನ್ನೇ ಕಾನೂನು ಮಾಡಿದಿರಿ. ನಿನ್ನೆ ಅತ್ತೆ ಅಂಚೆ ಕಚೇರಿಗೆ ಹೋಗಿದ್ದಾಗ ಒಡೆಟ್ ಎದ್ದಳು. ಕೈ ತೊಳೆದೆ. ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತೊಟ್ಟಿಲ ಪಕ್ಕ ನಿಂತೆ. ಅತ್ತೆ ಬರುವಷ್ಟರಲ್ಲಿ ಅತ್ತು ಅತ್ತು ಅವಳ ದನಿಯೇ ಬಿದ್ದುಹೋಗಿತ್ತು. ತಮ್ಮನ್ನು ನಾನು ದ್ವೇಷಿಸುತ್ತೇನೆ. ಇದನ್ನೂ ಕಡತಕ್ಕೆ ಸೇರಿಸಿ.

ಮಗು ತನ್ನದೆಂಬ ಭಾವನೆ ನನಗಿಲ್ಲ ಎಂಬ ವಾಕ್ಯವನ್ನು ಹೊಡೆದುಹಾಕಿ, ಆದೇಶವನ್ನು ಹಿಂಪಡೆಯಿರಿ. ಆಗದಿದ್ದರೆ ಖುದ್ದಾಗಿ ನಮ್ಮ ಮನೆಗೆ ಬನ್ನಿ. ಮೊಣಕೈವರೆಗೆ ಕೈ ತೊಳೆದು ತೊಟ್ಟಿಲ ಬಳಿ ನಿಂತು, ಅವಳ ಅಳು ಕೇಳಿ. ಕರುಳೆಂಬುದು ಇದ್ದರೆ ತಮಗೂ ಎತ್ತಿಕೊಳ್ಳಬೇಕೆನಿಸುತ್ತದೆ. ಎತ್ತಬೇಡಿ. ನನ್ನ ಅಪ್ಪಣೆ ಕೇಳಿ.

ನಾಳೆ ನೋಡೋಣ ಎನ್ನುತ್ತೇನೆ.

ಇಂತಿ,
ಹೇಳಿದ ಮಾತು ಕೇಳಿ ಕೆಟ್ಟ
ಜಿನೆಟ್
ಮೇಯ್ನ್ ರಾಜ್ಯದ ಉತ್ತರ ತುದಿಯಿಂದ