ಶನಿವಾರದವರೆಗೆ ಕಾದಿಟ್ಟ ಹಾಸಿಗೆ

ಭಾಂಡುಪ್, ಮುಂಬಯಿ
21 ಜನವರಿ 2025, ಮಂಗಳವಾರ

ಚಿ. ಸೌ. ಸಾಧನಾಳಿಗೆ ಅಮ್ಮನ ಆಶೀರ್ವಾದ.

ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಸಂಕ್ರಾಂತಿ ಕಳೆದು ವಾರವಾಯಿತು, ಎಳ್ಳುಬೆಲ್ಲ ಕಳಿಸಲಿಲ್ಲ. ನೀನು ನಾಲ್ಕು ಸಲ ಫೋನ್ ಮಾಡಿದರೂ "ಕುಕ್ಕರ್ ಇಟ್ಟಿದ್ದೀನಿ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಟ್ಟೆ. ಬೈದುಕೊಂಡಿರುತ್ತೀಯ. ಬೈದುಕೋ. ಈ ಕಾಲದಲ್ಲಿ ಪುಣೆಗೆ ಕಾಗದ ಬರೆಯುವವಳು ನಾನೊಬ್ಬಳೇ ಇರಬೇಕು. ಏನು ಮಾಡಲಿ, ನಮ್ಮ ಮನೆ ನಿನಗೆ ಗೊತ್ತಲ್ಲ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಹಾಲ್‌ನಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ಪಕ್ಕದ ಮನೆ ಶೈಲಾಳನ್ನು ನಿಮ್ಮಪ್ಪನ ಹತ್ತಿರ ಕೂರಿಸಿ, ತರಕಾರಿ ತರುವ ನೆಪದಲ್ಲಿ ಕೆಳಗೆ ಬಂದು, ವಾಚ್‌ಮನ್ ಪಕ್ಕದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ತೊಡೆಯ ಮೇಲಿಟ್ಟು ಬರೆದದ್ದು ಅಂತ ತಿಳಿ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಹೋದ ವಾರ ಡಾಕ್ಟರ್ ನಿಮ್ಮಪ್ಪನಿಗೆ ಇನ್ನು ಕೀಮೋ ಬೇಡ ಅಂದರು. ಲಿವರ್‌ನಲ್ಲಿ ಹರಡುವುದು ನಿಂತಿಲ್ಲವಂತೆ, ಕೊಟ್ಟರೆ ಹಿಂಸೆಯೇ ಹೊರತು ಪ್ರಯೋಜನವಿಲ್ಲವಂತೆ. ಮುಲುಂಡಿನಲ್ಲಿ ಒಂದು ಟ್ರಸ್ಟಿನವರ ಹಾಸ್ಪೈಸ್ ಇದೆ, ವಾಸಿಯಾಗದವರನ್ನು ನೋವು ತಿನ್ನದ ಹಾಗೆ ನೋಡಿಕೊಳ್ಳುತ್ತಾರೆ, ಅಲ್ಲಿಗೆ ಸೇರಿಸಿ ಅಂತ ಚೀಟಿ ಬರೆದುಕೊಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚೀಟಿಯನ್ನು ಮುದುರಿ ಪರ್ಸಿಗೆ ತುರುಕಿ, ಫೈಲ್ ಹಿಡಿದು ನೇರ ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲಿಯವರು ಐಸಿಯುನಲ್ಲಿಟ್ಟು ಪ್ರಯತ್ನ ಮಾಡಬಹುದು ಅಂದರು. ದಿನಕ್ಕೆ ನಲವತ್ತು ಸಾವಿರ. ನನ್ನ ಬಳೆ ಇವೆ, ನಿಮ್ಮಪ್ಪನ ಎಫ್‌ಡಿ ಇದೆ, ಅಷ್ಟಕ್ಕೆಲ್ಲ ಹೆದರುವವಳಲ್ಲ ನಾನು.

ಮೆಡಿಕ್ಲೇಮ್ ಕೌಂಟರಿನ ಅನಿಲಕುಮಾರ ಅನ್ನುವ ಹುಡುಗನನ್ನು ವಿಚಾರಿಸಿದೆ. "ಐಸಿಯುಗೆ ಹಾಕಿದ್ರೆ ಕ್ಲೇಮ್ ಸಿಗುತ್ತೆ ಆಂಟಿ. ಹಾಸ್ಪೈಸ್‌ಗೆ ನಿಮ್ಮ ಪಾಲಿಸೀಲಿ ಕೊಡಲ್ಲ, ಅದು ಟ್ರೀಟ್‌ಮೆಂಟ್ ಅಲ್ವಲ್ಲ" ಅಂದ. ಸೂಜಿ ಚುಚ್ಚಿದರೆ ದುಡ್ಡು, ತಲೆ ನೇವರಿಸಿದರೆ ಇಲ್ಲ! ಮುಲುಂಡಿಗೆ ಫೋನ್ ಮಾಡಿದರೆ, ಅವರು ರೋಗಿಗಳಿಂದ ಏನೂ ತೆಗೆದುಕೊಳ್ಳುವುದೇ ಇಲ್ಲವಂತೆ, ಊಟ, ಔಷಧಿ, ನರ್ಸು, ಎಲ್ಲ ದಾನಿಗಳದ್ದು. ಅದು ಕೇಳಿ ಸಮಾಧಾನವಾಗಬೇಕಿತ್ತು, ನನಗೆ ಇನ್ನಷ್ಟು ಸಂಕಟವಾಯಿತು. ಧರ್ಮಕ್ಕೆ ಬಿದ್ದಿರೋಕೆ ನಿಮ್ಮಪ್ಪನೇನು ದಿಕ್ಕಿಲ್ಲದವರಾ? ದುಡ್ಡು ಕಟ್ಟಿದ್ದರೆ ಏನೋ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು ಕಣೇ.

ಆದರೂ ನಿನ್ನೆ ಮುಲುಂಡಿಗೆ ಹೋದೆವು. ಭಾನುವಾರವೆಲ್ಲ ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದರು, ನೋಡಲಾಗಲಿಲ್ಲ. "ಅದೊಂದು ರೆಸ್ಟ್ ಹೋಮ್, ಹತ್ತು ದಿನ ಗ್ಲೂಕೋಸ್ ಹಾಕಿ ಕಳಿಸ್ತಾರೆ" ಅಂದೆ. ಆಗಸ್ಟಿನಿಂದ ನಾನು ಅವರಿಗೆ ಹೇಳಿಕೊಂಡು ಬಂದದ್ದು ಲಿವರ್ ಊತ, ಕೀಮೋ ಅದಕ್ಕೇ ಕೊಡುವ ಔಷಧಿ ಅಂತ ತಾನೆ? ಅವರೂ "ಹೌದು, ಊತ" ಅನ್ನುತ್ತಿದ್ದರು. ಶೈಲಾ ಕೇಳಿದರೆ "ಸ್ವಲ್ಪ ಇಳಿದಿದೆಯಮ್ಮ" ಅಂತ ಬೇರೆ ಹೇಳುತ್ತಿದ್ದರು.

ಆಟೋದಿಂದ ಇಳಿಯುತ್ತಿದ್ದ ಹಾಗೇ ಅಲ್ಲಿ ಕೆಲಸಕ್ಕಿರುವ ಒಬ್ಬಾಕೆ ಓಡಿ ಬಂದಳು. ರಾಚವ್ವ ಅಂತ ಹೆಸರು, ವಿಜಯಪುರದ ಕಡೆಯವಳು, ಕುರ್ಲಾದಿಂದ ದಿನಾ ಬರುತ್ತಾಳೆ. "ಬಂದ್ರ್ಯಾ ಅಪ್ಪಾರ? ಭಾಳ ಸೊರಗೀರಲ್ರೀ! ದಸರಾದಾಗ ಬಂದಾಗ ಎಷ್ಟ ಚಲೋ ಇದ್ರಿ" ಅಂದಳು.

ದಸರಾದಲ್ಲಿ ಇಲ್ಲಿಗೆ ಯಾಕೆ ಬಂದಿದ್ದರು ಅಂತ ನಾನು ಅವರತ್ತ ತಿರುಗಿದೆ. ನಿಮ್ಮಪ್ಪ ನನ್ನ ಮುಖ ನೋಡದೆ, "ಕಿಟಕಿ ಪಕ್ಕದ ಹಾಸಿಗೆ ಖಾಲಿ ಇದೆಯೇನಮ್ಮ?" ಅಂತ ಅವಳನ್ನು ಕೇಳಿದರು.

ವರಾಂಡದ ಬೆಂಚಿನಲ್ಲಿ ಕೂತ ಮೇಲೆ ಹೇಳಿದರು. "ಅಮ್ಮಣ್ಣಿ, ನಮ್ಮನೇಲಿ ಗೊಂಬೆ ಪೆಟ್ಟಿಗೆ ಕೆಳಗಿಳಿಸೋರು ಯಾರು?" ಅಯ್ಯೋ ಸಾಧು, ನನ್ನ ತಲೆಗೆ ಏನಾಗಿತ್ತೋ! ಬಯಾಪ್ಸಿ ರಿಪೋರ್ಟು ಅವರ ಕೈಗೆ ಸಿಗಬಾರದು ಅಂತ ಆಗಸ್ಟಿನಲ್ಲಿ ಅಟ್ಟ ಹತ್ತಿ, ಗೊಂಬೆ ಪೆಟ್ಟಿಗೆಯಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಬಚ್ಚಿಟ್ಟಿದ್ದೆ. ಅದನ್ನು ಯಾರು ತೆಗೆಯುತ್ತಾರೆ ಅನ್ನುವ ಧೈರ್ಯ. ಮದುವೆಯಾದ ಮೊದಲ ನವರಾತ್ರಿಯಿಂದ ಗೊಂಬೆ ಬಿಚ್ಚಿ, ಒರೆಸಿ, ಕೂರಿಸುವವರು ಅವರೇ ಅಲ್ಲವೇ! "ಬಚ್ಚಿಡೋಕೂ ಪಂಚಾಂಗ ನೋಡ್ಬೇಕು ಕಣೇ" ಅಂತ ನಕ್ಕರು. ರಿಪೋರ್ಟು ಓದಿ, ಮತ್ತೆ ಮಡಿಸಿಟ್ಟು, ರಾಜ ರಾಣಿಯನ್ನು ಕೂರಿಸಿ, ಒಂಬತ್ತು ದಿನ ನಾನು ಮಾಡಿದ ಉಸಲಿ ತಿಂದುಕೊಂಡು ಇದ್ದರಂತೆ. ಆ ದಿನಗಳಲ್ಲೇ ಒಮ್ಮೆ ಈ ಜಾಗ ನೋಡಿಕೊಂಡು ಹೆಸರು ಬರೆಸಿದ್ದಾರೆ. ನಾನು ಸುಳ್ಳು ಹೇಳಿದ್ದು ಇರಲಿ, ಅವರು ಕೇಳಿಸಿಕೊಂಡು ತಲೆಯಾಡಿಸಿದ್ದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ಅಳುವೂ ಬರುತ್ತದೆ.

ರಾಚವ್ವನನ್ನು ಪಕ್ಕಕ್ಕೆ ಕರೆದು, ಇಲ್ಲಿಗೆ ಬಂದವರು ಮನೆಗೆ ಹೋಗುತ್ತಾರಾ ಅಂತ ಕೇಳಿದೆ. "ನೋವು ಹಿಡ್ತಕ್ಕ ಬಂದ್ರ ಕೆಲವ್ರು ಹೋಗ್ತಾರ್ರೀ ಯಕ್ಕಾ. ನಾ ಸುಳ್ಳ ಹೇಳೂದಿಲ್ಲ, ಭಾಳ ಮಂದಿ ಇಲ್ಲೇ ಕಣ್ಣ ಮುಚ್ಚತಾರ. ಆದ್ರ ಒದ್ದಾಡಾಕ ಬಿಡಾಂಗಿಲ್ರೀ" ಅಂದಳು. ಒಳಗೆ ಒಬ್ಬ ಮುದುಕಿಗೆ ಅವಳ ಮಗಳು ತಲೆ ಬಾಚುತ್ತಿದ್ದಳು. ಫಿನೈಲ್ ವಾಸನೆ ಇರಲಿಲ್ಲ, ಅಡುಗೆಯ ವಾಸನೆ ಇತ್ತು.

ಕಿಟಕಿ ಪಕ್ಕದ ಹಾಸಿಗೆಯನ್ನು ಶನಿವಾರದವರೆಗೆ ನಮಗಾಗಿ ಇಟ್ಟಿರುತ್ತಾರಂತೆ. ಆಮೇಲೆ ಬೇರೆಯವರಿಗೆ. ನಾನಿನ್ನೂ ಹೂಂ ಅಂದಿಲ್ಲ. ಬೆಳಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ, ಹಾಲು ಉಕ್ಕಿಸಿದೆ. ನಿಮ್ಮಪ್ಪ ಎರಡು ಚಮಚ ಗಂಜಿ ಕುಡಿದು, ಯಾವಾಗ ಹೋಗೋದು ಅಂತ ಕೇಳಿದರು. ಸೊಪ್ಪು ತರಬೇಕು ಅಂತ ಎದ್ದು ಬಂದೆ.

ನೀನು ಶಾಲೆಯ ಕೆಲಸದಲ್ಲಿ ಊಟ ಬಿಡಬೇಡ. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಮಗಳೇ.

ನಿನ್ನ ಅಮ್ಮ,
ಅಮ್ಮಣ್ಣಿ

ತಾ.ಕ.: ಲಕೋಟೆ ಅಂಟಿಸಲು ಹೊರಟವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದೂ ಉಪಯೋಗವಿಲ್ಲ.

ಮುಲುಂಡಿನ ಆಫೀಸಿನವರು ನಿಮ್ಮಪ್ಪ ಅಕ್ಟೋಬರಿನಲ್ಲಿ ತುಂಬಿದ ಫಾರಂ ತೋರಿಸಿದರು. ರೋಗಿಗೆ ಮಾತಾಡಲು ಆಗದಿದ್ದಾಗ ಯಾರನ್ನು ಕೇಳಬೇಕು ಅನ್ನುವ ಕಡೆ ನಿನ್ನ ಹೆಸರಿದೆ. ಕೆಳಗೆ ನಿನ್ನ ಸಹಿ. ಹತ್ತನೇ ತಾರೀಕು. ಅವತ್ತು ಹಬ್ಬಕ್ಕೆ ಬಂದಿದ್ದ ನೀನೂ ನಿಮ್ಮಪ್ಪನೂ ನನಗೆ ಸೀರೆ ತರುತ್ತೇವೆ ಅಂತ ದಾದರ್‌ಗೆ ಹೊರಟಿದ್ದಿರಿ.

ನಿನ್ನ ಮೇಲೆ ಕೋಪವಿಲ್ಲ. ಇತ್ತು, ಬೆಂಚಿನ ಮೇಲೆ ಕೂತು ಬರೆಯುತ್ತಾ ಹೋಯಿತು. ವಾಪಸ್ ಬರುವಾಗ ಆಟೋದಲ್ಲಿ "ನನ್ನ ಹೆಸರು ಯಾಕೆ ಬರೆಯಲಿಲ್ಲ?" ಅಂತ ಕೇಳಿದೆ. "ಅಮ್ಮನಿಗಾದದ್ದು ನನಗೆ ಆಗಬಾರದು" ಅಂದರು.

ನೀನಾಗ ಹಾಸ್ಟೆಲಿನಲ್ಲಿದ್ದೆ, ನಿನಗೆ ಪೂರ್ತಿ ಗೊತ್ತಿಲ್ಲ. ನಿಮ್ಮಜ್ಜಿಯನ್ನು ಹತ್ತೊಂಬತ್ತು ದಿನ ವೆಂಟಿಲೇಟರಿನಲ್ಲಿ ಇಡಿಸಿದವಳು ನಾನು. ಕೊಳವೆ ಕಿತ್ತುಕೊಳ್ಳುತ್ತಾರೆ ಅಂತ ಕೈ ಕಟ್ಟಿಹಾಕಲು ಹೇಳಿದವಳೂ ನಾನೇ. ಐದನೇ ದಿನ ನಿಮ್ಮಪ್ಪ "ಸಾಕು, ಬಿಟ್ಟುಬಿಡೋಣ" ಅಂದರು. "ಹೆತ್ತ ತಾಯಿ ಭಾರವಾದರಾ?" ಅಂತ ಎಲ್ಲರ ಮುಂದೆ ಕೇಳಿಬಿಟ್ಟೆ. ಅವರು ಮತ್ತೆ ಬಾಯಿ ಬಿಡಲಿಲ್ಲ. ನಿಮ್ಮಪ್ಪನಿಗೆ ನನ್ನ ಭಯ ಕಣೇ ಸಾಧು.

ಅದು ಸುಳ್ಳು ಅಂತ ಹೇಳಲು ನನಗೆ ಬಾಯಿಲ್ಲ. ನಿನ್ನೆ ಸಂಜೆ ಅವರನ್ನು ಮನೆಯಲ್ಲಿ ಮಲಗಿಸಿ, ಆ ಐಸಿಯುನವರಿಗೆ ಐವತ್ತು ಸಾವಿರ ಅಡ್ವಾನ್ಸ್ ಕಟ್ಟಿ ಬಂದಿದ್ದೇನೆ.

ಶುಕ್ರವಾರವೇ ಬಾ. ಫಾರಂನಲ್ಲಿ ನಿನ್ನ ಹೆಸರು ಹಾಗೇ ಇರಲಿ. ಮುಂದೆ ಒಂದು ದಿನ ನಾನು ನಿನ್ನ ಕೈ ಹಿಡಿದು, ಅವರನ್ನು ಮುಲುಂಡಿನಿಂದ ಬೇರೆ ಆಸ್ಪತ್ರೆಗೆ ಸಾಗಿಸು ಅಂತ ಅತ್ತು ಬೇಡಿಕೊಂಡರೆ, ನನ್ನ ಮಾತು ಕೇಳಬೇಡ.