ದನಿಯಿಲ್ಲದ ಫರ್ಸಿ

ನಾಗಪುರ, ಮಂಗಳವಾರ

ಅಪ್ಪಾ, ಜೈ ಭೀಮ್.

ಗಣಿ ತರಬೇತಿಯಲ್ಲಿ ನಮ್ಮ ಕಣ್ಣಿಗೆ ಡಬ್ಬಿಯಂಥ ಹೆಡ್‌ಸೆಟ್ ಕಟ್ಟುತ್ತಾರೆ. ಕಟ್ಟಿಕೊಂಡರೆ ಖಾಲಿ ಕೋಣೆಯಲ್ಲೇ ನಮ್ಮ ರಾವೂರಿನಂಥ ಫರ್ಸಿ ಕಲ್ಲಿನ ಗಣಿ ಕಾಣುತ್ತದೆ. ಇವತ್ತು ಎದುರಿಗೆ ಆಳೆತ್ತರದ ಕಲ್ಲು ನಿಂತಿತ್ತು. ಒಡಕಿದೆಯೋ ಏನೋ ಎಂದು ನಿನ್ನಂತೆಯೇ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟೆ. ಕೈ ಗಾಳಿಯಲ್ಲಿ ತೂರಿತು, ಸದ್ದೇ ಇಲ್ಲ. ಕಿವಿಗೊಟ್ಟು ನಿಂತಿದ್ದಾಗಲೇ ಕಲ್ಲು ಜಾರಿ ನನ್ನ ಎಡಗಾಲಿನ ಮೇಲೆ ಬಿತ್ತು. ಚೀರಿಬಿಟ್ಟೆ.

ಕಲಿಸುವ ಧನಶ್ರೀ ಮೇಡಂ ಸೇಡಂ ಕಡೆಯವರು. "ಅಂಜಬ್ಯಾಡವ್ವಾ, ಅಲ್ಲಿ ಕಲ್ಲೇ ಇಲ್ಲ. ದೂರ ನಿಂತು ನೋಡೂದು ಕಲಿಸಲಿಕತ್ತೀವಿ," ಎಂದರು.

"ನಿಮ್ಮ ಕಲ್ಲಿಗಿ ದನಿ ಇಲ್ರಿ ಮೇಡಂ. ನಮ್ಮಪ್ಪ ಇದಕ್ಕ ಕಲ್ಲೇ ಅನ್ನಂಗಿಲ್ಲ," ಎಂದೆ. ಮೇಡಂ ನಗಲಿಲ್ಲ, ಬರೆದುಕೊಂಡರು.

ಸಂಜೆ ಅದರಲ್ಲೇ ಸಿನಿಮಾ ತೋರಿಸಿದರು. ಕುತ್ತಿಗೆ ನೋವು ಬಂತು, ಅಷ್ಟೇ. ಮತ್ತೆ ಆರಾಮಿದ್ದೇನೆ, ಊಟ ಸರಿಯಾಗಿದೆ. ಸಿನಿಮಾಕ್ಕೆ ಬೇಡ, ಆದರೆ ಕೆಲಸ ಕಲಿಯಲು ಈ ಹೆಡ್‌ಸೆಟ್ ಬೇಕಪ್ಪಾ. ಚೀರಿದ ಮೇಲೆ ಹೆಡ್‌ಸೆಟ್ ತೆಗೆದು, ಬೂಟು ಕಳಚಿ ನೋಡಿಕೊಂಡೆ. ಐದೂ ಬೆರಳು ಇದ್ದವು. ನೀನು ಕಲಿಯುವಾಗ ಇಂಥದ್ದಿದ್ದರೆ ನಿನ್ನ ಎಡಗಾಲಿನಲ್ಲೂ ಮೂರಲ್ಲ, ಐದೇ ಇರುತ್ತಿದ್ದವು.

ಅಂಚೆ ಕಾರ್ಡು ತುಂಬಿತು.
ಕರುಣಾ